ಮುಚ್ಚಿದ ಯುಟಿಲಿಟಿಯಲ್ಲಿ ಅತಿಯಾಗಿ ಬಿಸಿಯಾಗುತ್ತಿದ್ದ ಬಟ್ಟೆ ಡ್ರೈಯರ್: ಮಂಗಳೂರಿನ ಒಂದು ಪ್ರಕರಣ

ಹಿನ್ನೆಲೆ

ಮಂಗಳೂರು ನಗರದ ಒಂದು ವಸತಿ ಸಮುಚ್ಚಯದ ಮೇಲಿನ ಮಹಡಿಯ ಮನೆಯೊಂದರಲ್ಲಿ ನಡೆದ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಗೃಹೋಪಯೋಗಿ ವಿದ್ಯುತ್ ಉಪಕರಣಗಳ ದುರಸ್ತಿಯನ್ನು ಕಲಿಸುವುದು ನನ್ನ ವೃತ್ತಿ. ಆ ಕುಟುಂಬದ ಪರಿಚಿತರೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಯಂತ್ರದ ವರ್ತನೆಗೆ ಸಂಬಂಧಿಸಿದ ಯಾವುದನ್ನೂ ಬದಲಿಸಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಂಥ ಪಾಡು ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 90ರ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಹಂಚಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲ್ಗಡೆ ಹಗ್ಗ ಕಟ್ಟಿ, ಹೊಗೆಯ ವಾಸನೆಯನ್ನು ಸಹಿಸಿಕೊಂಡು ಬಟ್ಟೆ ಒಣಗಿಸುತ್ತಿದ್ದರು. ಫ್ಲ್ಯಾಟುಗಳಲ್ಲಿ ಆ ಒಲೆ ಇಲ್ಲ. ಫ್ಯಾನಿನ ಕೆಳಗೆ ಹರವಿದ ಬಟ್ಟೆ ಎರಡು ದಿನವಾದರೂ ತಣ್ಣಗೆ ಉಳಿದು, ಮುಗ್ಗಲು ವಾಸನೆ ಹಿಡಿಯುತ್ತದೆ.

ಈ ಮನೆಯಲ್ಲಿ ಮನೆಯೊಡತಿಯ ಮಾವ ಹಾಸಿಗೆ ಹಿಡಿದಾಗ, ಬೆಡ್‌ಶೀಟು, ಪಂಚೆ, ಬೈರಾಸುಗಳನ್ನು (ಟವೆಲ್‌ಗಳನ್ನು) ದಿನವೂ ಒಗೆಯಬೇಕಾಗಿ ಬಂದುದರಿಂದ ಡ್ರೈಯರ್ ಕೊಂಡಿದ್ದರು. ಅದು ಬಿಸಿಗಾಳಿಯನ್ನು ಹೊರಕ್ಕೆ ದೂಡುವ ಸರಳ ಜಾತಿಯ ಯಂತ್ರ. ಸುತ್ತಲಿನ ಗಾಳಿಯನ್ನು ಒಳಗೆಳೆದು, ಸುಮಾರು 2000 ವಾಟಿನ ಹೀಟರಿನ ಮೇಲೆ ಹಾಯಿಸಿ, ತಿರುಗುವ ಡ್ರಮ್ಮಿನೊಳಗಿನ ಬಟ್ಟೆಯ ಮೂಲಕ ಸಾಗಿಸಿ, ಬಟ್ಟೆಯಿಂದ ಉದುರುವ ನೂಲಿನ ನವಿರನ್ನು (ಸಣ್ಣ ಎಳೆಗಳನ್ನು) ಜಾಲರಿಯಲ್ಲಿ ಹಿಡಿದು, ತೇವದ ಗಾಳಿಯನ್ನು ಹಿಂಬದಿಯ ಹೋಸಿನಿಂದ ಹೊರಗೆ ಬಿಡುತ್ತದೆ. ಅದನ್ನು ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಮೊದಲ ಮಳೆಗಾಲ ಯಾವ ತೊಂದರೆಯೂ ಇಲ್ಲದೆ ಕಳೆಯಿತು.

ಮರುವರ್ಷ ಎರಡು ಸಂಗತಿಗಳು ಬದಲಾದವು. ಮಗಳು ಬಾಣಂತನಕ್ಕೆ ತವರಿಗೆ ಬಂದಳು, ಹೀಗಾಗಿ ಮಗುವಿನ ಬಟ್ಟೆಗಳೂ ಎಣ್ಣೆಸ್ನಾನದ ಬೈರಾಸುಗಳೂ ಸೇರಿಕೊಂಡು ಒಗೆತ ಹೆಚ್ಚಿತು. ಮಳೆಗೆ ಮುಂಚೆ, ಪಶ್ಚಿಮದಿಂದ ರಾಚುವ ನೀರನ್ನು ತಡೆಯಲೆಂದು, ಅದುವರೆಗೆ ಗ್ರಿಲ್ ಮಾತ್ರ ಇದ್ದ ಯುಟಿಲಿಟಿಗೆ ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಗಾಜುಗಳನ್ನು ಹಾಕಿಸಲಾಯಿತು. ಕೆಲಸ ಅಚ್ಚುಕಟ್ಟಾಗಿತ್ತು; ಗಾಜು ಮುಚ್ಚಿದರೆ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ಡ್ರೈಯರಿನ ಹೋಸು ಮೊದಲು ಗ್ರಿಲ್ಲಿನ ಹೊರಗೆ ಚಾಚಿಕೊಂಡಿತ್ತು, ಗಾಜು ಬಂದ ಮೇಲೆ ಅದನ್ನು ಮಡಚಿ ಯಂತ್ರದ ಹಿಂದೆಯೇ ಇಟ್ಟರು.

ತೊಂದರೆ

ಮಳೆ ಹಿಡಿದ ಕೆಲವೇ ವಾರಗಳಲ್ಲಿ ಬಟ್ಟೆ ಒಣಗುವುದಕ್ಕೆ ಹಿಂದಿನದರ ಎರಡು ಪಟ್ಟು ಹೊತ್ತು ಬೇಕಾಗತೊಡಗಿತು. ಮನೆಯವರು ಒಂದೇ ಹೊರೆಗೆ ಎರಡು ಸುತ್ತು ಓಡಿಸತೊಡಗಿದರು. ಆಗ ತೆಳುವಾದ ಸಿಂಥೆಟಿಕ್ ಬಟ್ಟೆಗಳು ಮುಟ್ಟಲಾರದಷ್ಟು ಕಾದು, ಚಡ್ಡಿಗಳ ಎಲಾಸ್ಟಿಕ್ ಸಡಿಲಗೊಂಡು, ದಪ್ಪ ಬೈರಾಸುಗಳು ಮಾತ್ರ ಇನ್ನೂ ತೇವವಾಗಿಯೇ ಉಳಿಯುತ್ತಿದ್ದವು. ಯಂತ್ರದ ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತಿತ್ತು. ಸಣ್ಣಗೆ ಸೀದ ವಾಸನೆ ಬಂದದ್ದನ್ನು ಮೊದಲು ಗಮನಿಸಿದವಳು ಬಾಣಂತಿ. ಅಡುಗೆಮನೆಯಲ್ಲಿ ಏನೋ ತಳ ಹಿಡಿದಿದೆ ಎಂದು ಎಲ್ಲರೂ ಭಾವಿಸಿದರು. ಆಮೇಲೆ ಒಂದು ದಿನ ಡ್ರಮ್ ತಿರುಗುತ್ತಲೇ ಇತ್ತು, ಬಿಸಿ ಮಾತ್ರ ಬರಲಿಲ್ಲ.

ಇಂಥ ಯಂತ್ರದಲ್ಲಿ ಬಿಸಿ ಮಿತಿಮೀರದಂತೆ ತಡೆಯುವ ವ್ಯವಸ್ಥೆ ಹಂತಹಂತವಾಗಿರುತ್ತದೆ. ಗಾಳಿಯ ಉಷ್ಣತೆ ನಿಗದಿತ ಮಟ್ಟ ಮುಟ್ಟಿದಾಗ ಥರ್ಮೋಸ್ಟ್ಯಾಟ್ ಹೀಟರನ್ನು ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಜೋಡಿಸುತ್ತದೆ. ಅದನ್ನೂ ಮೀರಿ ಬಿಸಿ ಏರಿದರೆ ಥರ್ಮಲ್ ಫ್ಯೂಸ್ ಕಡಿದುಹೋಗುತ್ತದೆ. ಇದು ಒಮ್ಮೆ ಕಡಿದರೆ ತಾನಾಗಿ ಕೂಡುವುದಿಲ್ಲ, ಬದಲಿಸಲೇಬೇಕು. ಅದು ಕಡಿದಿದೆ ಎಂದರೆ ಯಂತ್ರದೊಳಗೆ ಎಲ್ಲೋ ಒಂದು ಕಡೆ ಇರಬಾರದ ಬಿಸಿ ಇತ್ತು ಎಂದೇ ಅರ್ಥ.

ಮೊದಲ ಪ್ರಯತ್ನಗಳು

ಬಂದ ಮೊದಲ ಮೆಕ್ಯಾನಿಕ್ ಫ್ಯೂಸ್ ಕಡಿದಿರುವುದನ್ನು ಸರಿಯಾಗಿಯೇ ಗುರುತಿಸಿ, ಅದೇ ಅಳತೆಯ ಹೊಸದನ್ನು ಹಾಕಿದರು. ಯಂತ್ರ ಕೆಲಸ ಮಾಡಿತು, ಕೆಲವು ದಿನಗಳಲ್ಲಿ ಮತ್ತೆ ಬಿಸಿ ನಿಂತಿತು. ಎರಡನೆಯ ಸಲ ಅವರು ಫ್ಯೂಸಿನ ಜೊತೆಗೆ ಥರ್ಮೋಸ್ಟ್ಯಾಟನ್ನೂ ಬದಲಿಸಿ, ಬಟ್ಟೆ ಜಾಸ್ತಿ ತುಂಬಿಸುತ್ತಿರುವುದೇ ಕಾರಣವಿರಬಹುದು ಎಂದರು. ಬಾಣಂತಿಯಿದ್ದ ಮನೆಯಲ್ಲಿ ಆ ಮಾತು ನಂಬುವಂತೆಯೇ ಇತ್ತು. ಹೊರೆಯನ್ನು ಅರ್ಧಕ್ಕೆ ಇಳಿಸಿದರು. ಅದರಿಂದ ಓಡಿಸುವ ಸುತ್ತುಗಳು ಹೆಚ್ಚಿದವು, ಯಂತ್ರ ದಿನವಿಡೀ ಚಾಲೂ ಇರತೊಡಗಿತು.

ಮೂರನೆಯ ಸಲ ಬೇರೊಬ್ಬರನ್ನು ಕರೆಸಲಾಯಿತು. ಅವರು ಹಿಂಬದಿಯ ತಗಡು ಬಿಚ್ಚಿ, ಫ್ಯೂಸಿನ ಎರಡು ತುದಿಗಳನ್ನು ವಯರಿನ ತುಂಡಿನಿಂದ ಕೂಡಿಸಿ, "ಅಕ್ಕಾ, ಇದನ್ನು ಡೈರೆಕ್ಟ್ ಮಾಡಿದ್ದೇನೆ, ಇನ್ನು ನಿಲ್ಲುದಿಲ್ಲ" ಎಂದು ಹೇಳಿ ಹೋದರು. ಅವರ ಮಾತು ನಿಜವಾಯಿತು, ಯಂತ್ರ ಆಮೇಲೆ ನಿಲ್ಲಲಿಲ್ಲ. ಸುಮಾರು ಒಂದು ವಾರ ಆ ಮನೆಯಲ್ಲಿ, ಮಗು ಮಲಗಿದ್ದ ಕೋಣೆಯಿಂದ ಒಂದು ಗೋಡೆಯಾಚೆ, ಬಿಸಿಯನ್ನು ತಡೆಯುವ ಕೊನೆಯ ಸಾಧನವನ್ನು ಕಳೆದುಕೊಂಡ 2000 ವಾಟಿನ ಹೀಟರ್ ನೂಲಿನ ನವಿರಿನ ನಡುವೆ ಉರಿಯುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಳವಳಕ್ಕೆ ಈಡುಮಾಡಿದ್ದು ಈ ಒಂದು ತುಂಡು ವಯರು. ಹೆಚ್ಚು ಬಲ್ಲ ಕೈಗಳೇ ಈ ಕೆಲಸ ಮಾಡುತ್ತವೆ. ಪರೀಕ್ಷೆಗಾಗಿ ಎರಡು ಕ್ಷಣ ಜೋಡಿಸಿ ನೋಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇದೆ, ಅದನ್ನೇ ದುರಸ್ತಿ ಎಂದು ಬಿಟ್ಟುಹೋಗುವುದು ಮನೆಯವರ ನಂಬಿಕೆಗೆ ಮಾಡುವ ದ್ರೋಹ. ಯಾವ ಗ್ರಾಹಕರೂ ತಗಡಿನ ಹಿಂದೆ ಇಣುಕಿ ನೋಡುವುದಿಲ್ಲ.

ಯಂತ್ರದಿಂದ ಮತ್ತೆ ಸೀದ ವಾಸನೆ ಬಂದ ದಿನ, ಮನೆಯೊಡತಿಯ ಅತ್ತೆ ಪ್ಲಗ್ ಕಿತ್ತು, ಇನ್ನು ಯಾರೂ ಇದನ್ನು ಮುಟ್ಟಬಾರದೆಂದು ಹಟ ಹಿಡಿದರು. ನಾನು ಹೋದಾಗ ಅವರು ಕೇಳಿದ ಪ್ರಶ್ನೆಯೇ ತನಿಖೆಗೆ ದಿಕ್ಕು ಕೊಟ್ಟಿತು: "ಹೋದ ವರ್ಷವೂ ಇದೇ ಮಳೆ, ಇದೇ ಮೆಷಿನ್. ಆಗ ಸರಿ ಇದ್ದದ್ದು ಈಗ ಯಾಕೆ ಹೀಗೆ ಮಾಡ್ತದೆ?" ಅದುವರೆಗೆ ಬಂದವರೆಲ್ಲರೂ ಯಂತ್ರದೊಳಗೆ ಏನು ಕೆಟ್ಟಿದೆ ಎಂದು ಹುಡುಕಿದ್ದರು. ಯಂತ್ರದ ಸುತ್ತ ಏನು ಬದಲಾಗಿದೆ ಎಂದು ಕೇಳಿದವರು ಅವರೊಬ್ಬರೇ.

ಪರೀಕ್ಷೆ

ಮೊದಲು ತೀರ್ಮಾನಿಸಬೇಕಾದದ್ದು ಪರೀಕ್ಷೆಯ ಕ್ರಮ. ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಓಡಿಸಿ ನೋಡಿದರೆ ದೋಷ ಕಣ್ಣಮುಂದೆಯೇ ಕಾಣಿಸುತ್ತಿತ್ತು, ಆದರೆ ರಕ್ಷಣೆಯಿಲ್ಲದ ಹೀಟರನ್ನು ಕುತೂಹಲಕ್ಕಾಗಿ ಚಾಲೂ ಮಾಡುವುದು ಸರಿಯಲ್ಲ. ಆದ್ದರಿಂದ ಪ್ಲಗ್ ತೆಗೆದಿಟ್ಟು, ಬಿಚ್ಚಿ, ಕಂಡದ್ದನ್ನು ಚಿತ್ರ ತೆಗೆದು ದಾಖಲಿಸಿ, ಸ್ವಚ್ಛಗೊಳಿಸಿ, ಸರಿಯಾದ ಅಳತೆಯ ಫ್ಯೂಸನ್ನು ಮತ್ತೆ ಹಾಕಿದ ಮೇಲೆಯೇ ಓಡಿಸುವುದೆಂದು ನಿಶ್ಚಯಿಸಿದೆವು.

ಬಿಚ್ಚಿದಾಗ ಹೀಟರಿನ ಕವಚದ ಸುತ್ತ ನವಿರು ಹಾಸಿನಂತೆ ಮೆತ್ತಿಕೊಂಡಿತ್ತು, ಅದರ ಒಂದು ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಗಾಳಿ ದೂಡುವ ಬ್ಲೋವರಿನ ರೆಕ್ಕೆಗಳ ಮೇಲೂ ಅದೇ ತೇವದ ಪದರ ಇತ್ತು. ಮಲ್ಟಿಮೀಟರಿನಲ್ಲಿ ಹೀಟರಿನ ಕಾಯಿಲಿನ ರೋಧ ಸುಮಾರು 26 ಓಮ್ ಬಂತು. 230 ವೋಲ್ಟಿನಲ್ಲಿ 2000 ವಾಟಿನ ಹೀಟರಿಗೆ ಬರಬೇಕಾದದ್ದೂ ಅಷ್ಟೇ. ಕಾಯಿಲ್ ಎಲ್ಲಿಯೂ ಕವಚಕ್ಕೆ ತಾಗಿರಲಿಲ್ಲ. ಇದನ್ನು ನೋಡುವುದು ಮುಖ್ಯ, ಏಕೆಂದರೆ ತುಂಡಾಗಿ ಕವಚಕ್ಕೆ ತಾಗಿದ ಕಾಯಿಲಿನಲ್ಲಿ ಥರ್ಮೋಸ್ಟ್ಯಾಟ್ ನಿಲ್ಲಿಸಿದ ಮೇಲೂ ವಿದ್ಯುತ್ ಹರಿದು ಬಿಸಿ ಮುಂದುವರಿಯುವ ಸಾಧ್ಯತೆ ಇರುತ್ತದೆ.

ನವಿರಿನ ಜಾಲರಿ ಕಣ್ಣಿಗೆ ಶುಭ್ರವಾಗಿಯೇ ಕಂಡಿತು, ಮನೆಯವರು ಅದನ್ನು ತಪ್ಪದೆ ಕೆರೆದು ತೆಗೆಯುತ್ತಿದ್ದರು. ನಲ್ಲಿಯ ಕೆಳಗೆ ಹಿಡಿದಾಗ ನೀರು ಅದರ ಮೂಲಕ ಇಳಿಯದೆ ಮೇಲೆಯೇ ನಿಂತಿತು. ಒಗೆತದ ಕೊನೆಯಲ್ಲಿ ಹಾಕುವ, ಬಟ್ಟೆ ಮೃದುಗೊಳಿಸುವ ದ್ರವದ ಅಂಶ ಜಾಲರಿಯ ಕಣ್ಣುಗಳಿಗೆ ಕಾಣದ ಪೊರೆ ಕಟ್ಟಿತ್ತು. ನೀರು ಇಳಿಯದಲ್ಲಿ ಗಾಳಿಯೂ ಸಲೀಸಾಗಿ ಹೋಗದು. ಸಾಬೂನು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಮೇಲೆ ನೀರು ಸರಾಗವಾಗಿ ಇಳಿಯಿತು.

ಇಷ್ಟಕ್ಕೇ ಉತ್ತರ ಸಿಕ್ಕಿತೆಂದು ನಿಲ್ಲಿಸಬಹುದಿತ್ತು. ಆದರೆ ಅಷ್ಟು ನವಿರು ಒಂದೇ ಮಳೆಗಾಲದಲ್ಲಿ, ಅದೂ ತೇವಗೊಂಡು, ಒಳಗೆಲ್ಲ ಹೇಗೆ ಮೆತ್ತಿತು ಎಂಬ ಪ್ರಶ್ನೆ ಉಳಿದಿತ್ತು. ಆದ್ದರಿಂದ ಸ್ವಚ್ಛಗೊಂಡ ಯಂತ್ರದಲ್ಲಿ ಒಂದೇ ತೂಕದ ಬಟ್ಟೆಯನ್ನು ಒಂದೇ ರೀತಿ ಹಿಂಡಿ, ಎರಡು ಸ್ಥಿತಿಗಳಲ್ಲಿ ಓಡಿಸಿ, ಹೊರಬರುವ ಗಾಳಿಯ ಉಷ್ಣತೆಯನ್ನು ಕಡ್ಡಿ ಥರ್ಮಾಮೀಟರಿನಿಂದ ನೋಡುತ್ತ ಹೋದೆವು. ಹೋಸನ್ನು ಹೊರಕ್ಕೆ ಚಾಚಿ ಗಾಜು ತೆರೆದಿಟ್ಟಾಗ, ಉಷ್ಣತೆ ನಿಧಾನವಾಗಿ ಏರಿ, ಒಂದು ಮಟ್ಟದಲ್ಲಿ ನಿಂತು, ಥರ್ಮೋಸ್ಟ್ಯಾಟ್ ಸಕಾಲಕ್ಕೆ ಹೀಟರನ್ನು ನಿಲ್ಲಿಸಿ ಜೋಡಿಸುತ್ತಿತ್ತು. ಹೋಸು ಒಳಗಿದ್ದು ಗಾಜು ಮುಚ್ಚಿದಾಗ, ಅದೇ ಯಂತ್ರದಲ್ಲಿ ಉಷ್ಣತೆ ನಿಲ್ಲದೆ ಮೇಲೇರುತ್ತ ಹೋಯಿತು, ಗಾಜಿನ ಒಳಮೈಯಿಂದ ನೀರು ಇಳಿಯತೊಡಗಿತು. ಫ್ಯೂಸ್ ಕಡಿಯುವವರೆಗೆ ಕಾಯದೆ ನಿಲ್ಲಿಸಿದೆವು. ಹೊರೆ ಎರಡೂ ಸಲ ಒಂದೇ ಆಗಿದ್ದುದರಿಂದ, ಬಟ್ಟೆ ಹೆಚ್ಚಾದದ್ದೇ ಕಾರಣ ಎಂಬ ವಾದವೂ ಅಲ್ಲಿಗೆ ಬಿದ್ದುಹೋಯಿತು.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. ನಾಲ್ಕು ಕಿಲೋ ಹತ್ತಿ ಬಟ್ಟೆಯನ್ನು ವಾಷಿಂಗ್ ಮೆಷಿನ್ ಸಾಧಾರಣ ವೇಗದಲ್ಲಿ ಹಿಂಡಿದ ಮೇಲೆ ಅದರಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ಆ ಯುಟಿಲಿಟಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ್ದು. ಒಳಗೆ ಹಿಡಿಯುವ ಗಾಳಿ ಹೆಚ್ಚೆಂದರೆ 9 ಘನ ಮೀಟರ್. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಮಾತ್ರ ಹೊರಬಲ್ಲದು. ಆಟಿಯ ಗಾಳಿಯಲ್ಲಿ ಅದರ ಹೆಚ್ಚಿನ ಪಾಲು ಮೊದಲೇ ತುಂಬಿರುತ್ತದೆ. ಕೋಣೆ ಕಾದು 40 ಡಿಗ್ರಿ ಮುಟ್ಟಿದರೂ ಘನ ಮೀಟರಿಗೆ 51 ಗ್ರಾಮಿನಷ್ಟೇ. ಅಂದರೆ ಕೋಣೆಯ ಗಾಳಿಯೆಲ್ಲ ಸೇರಿದರೂ ಅರ್ಧ ಲೀಟರ್ ನೀರನ್ನು ಹೊರಲಾರದು, ಬಟ್ಟೆಯಲ್ಲಿ ಇರುವುದು ಎರಡೂವರೆ ಲೀಟರ್. ಅಷ್ಟು ನೀರನ್ನು ಆವಿ ಮಾಡಲು ಕನಿಷ್ಠ 1.7 ಯೂನಿಟ್ ವಿದ್ಯುತ್ ಬೇಕು. ಆವಿ ಹೊರಗೆ ಹೋಗದಿದ್ದರೆ ಆ ಶಾಖವೂ ಗಾಜಿನೊಳಗೇ ಉಳಿಯುತ್ತದೆ. ಯಂತ್ರ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಸೇದಿಕೊಂಡು ಇನ್ನಷ್ಟು ಕಾಯಿಸುತ್ತದೆ; ಹೊರಬಂದ ನವಿರು ಅದೇ ತೇವದ ಗಾಳಿಯ ಜೊತೆ ಒಳಸೇರಿ ಹೀಟರಿನ ಬಳಿ ಅಂಟುತ್ತದೆ; ಅದರಿಂದ ಗಾಳಿಯ ಹರಿವು ತಗ್ಗುತ್ತದೆ. ಹೀಟರ್ ಸುರಿಯುವ ಶಾಖ ಮೊದಲಿನಷ್ಟೇ ಇದ್ದು, ಅದನ್ನು ಕೊಂಡೊಯ್ಯುವ ಗಾಳಿ ಕಡಿಮೆಯಾದಷ್ಟೂ ಒಳಗಿನ ಉಷ್ಣತೆ ಏರುತ್ತದೆ. ಮೂರು ಸಲ ಕರೆಸಿದ ಮೆಕ್ಯಾನಿಕ್‌ಗಳು ಹುಡುಕಿದ ಬಿಸಿಯ ಮೂಲ ಇದು.

ಅಲ್ಲಿ ಕಂಡ ಇನ್ನು ಮೂರು ಸಂಗತಿಗಳು

ಯುಟಿಲಿಟಿಯನ್ನು ನೋಡುತ್ತಿರುವಾಗ ಕಣ್ಣಿಗೆ ಬಿದ್ದದ್ದು, ಮೂಲೆಯಲ್ಲಿದ್ದ ಅಡುಗೆ ಅನಿಲದ ಸಿಲಿಂಡರ್. ಗ್ರಿಲ್ ಇದ್ದ ಕಾಲದಲ್ಲಿ ಅದಕ್ಕೆ ಅದೇ ತಕ್ಕ ಜಾಗ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಶೇಖರಗೊಳ್ಳುತ್ತದೆ. ಗ್ರಿಲ್ಲಿನ ತಳದಿಂದ ಹೊರಹೋಗುತ್ತಿದ್ದ ದಾರಿಯನ್ನು ಗಾಜಿನ ಚೌಕಟ್ಟು ಮುಚ್ಚಿತ್ತು. ಅದೇ ಮುಚ್ಚಿದ ಜಾಗದಲ್ಲಿ ಕಿಡಿ ಹಾರಬಹುದಾದ ಸ್ವಿಚ್ಚುಗಳೂ ಕೆಂಪಗೆ ಕಾಯುವ ಕಾಯಿಲೂ ಇದ್ದವು. ಡ್ರೈಯರಿನ ದೋಷಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಇದನ್ನು ನೋಡಿಯೂ ಹೇಳದೆ ಬರುವುದು ಸಾಧ್ಯವಿರಲಿಲ್ಲ. ಸಿಲಿಂಡರನ್ನು ಆ ದಿನವೇ ಅಲ್ಲಿಂದ ಸ್ಥಳಾಂತರಿಸಲು ಮನೆಯವರು ಒಪ್ಪಿದರು.

ಎರಡನೆಯದು ಎಣ್ಣೆಯ ಬೈರಾಸುಗಳು. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಒರೆಸಿದ ಬಟ್ಟೆಯನ್ನು ತಣ್ಣೀರಿನಲ್ಲಿ ಒಗೆದರೆ ಎಣ್ಣೆಯ ಅಂಶ ನೂಲಿನಲ್ಲೇ ಉಳಿಯುತ್ತದೆ. ಕಾದ ಬಟ್ಟೆಯನ್ನು ಗುಡ್ಡೆ ಹಾಕಿಟ್ಟಾಗ ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸ್ವತಃ ಶಾಖ ಬಿಡತೊಡಗುತ್ತದೆ; ಗುಡ್ಡೆಯ ನಡುವಿನಿಂದ ಆ ಶಾಖ ಹೊರಹೋಗದೆ ಹೆಚ್ಚುತ್ತ ಹೋಗಿ, ಯಂತ್ರ ನಿಂತು ಗಂಟೆಗಳಾದ ಮೇಲೂ ಬಟ್ಟೆ ಹೊತ್ತಿಕೊಳ್ಳಬಹುದು. ತೆಂಗಿನೆಣ್ಣೆಯಲ್ಲಿ ಈ ಗುಣ ಕಡಿಮೆ, ಎಳ್ಳೆಣ್ಣೆಯಲ್ಲಿ ಅದಕ್ಕಿಂತ ಹೆಚ್ಚು. ಈ ಮನೆಯಲ್ಲಿ ಎರಡೂ ಬಳಕೆಯಲ್ಲಿದ್ದವು, ಮೇಲಾಗಿ ಬಟ್ಟೆಯನ್ನು ಬಿಸಿಯಿರುವಾಗಲೇ ಬುಟ್ಟಿಗೆ ತುಂಬಿಡುವ ರೂಢಿಯಿತ್ತು. ಎಣ್ಣೆ ಸೋಕಿದ್ದನ್ನು ಡ್ರೈಯರಿಗೆ ಹಾಕದೆ ಹಗ್ಗದ ಮೇಲೆ ಫ್ಯಾನಿನ ಗಾಳಿಗೆ ಒಣಗಿಸುವುದೆಂದೂ, ಉಳಿದವನ್ನು ಕೊನೆಯ ತಣ್ಣನೆ ಗಾಳಿಯ ಹಂತ ಮುಗಿದ ಮೇಲೆಯೇ ಹೊರತೆಗೆಯುವುದೆಂದೂ ತೀರ್ಮಾನವಾಯಿತು.

ಮೂರನೆಯದು ಪ್ಲಗ್. ಡ್ರೈಯರಿನ ಪ್ಲಗ್ಗನ್ನು ಗಾಜಿನ ಕೆಲಸದ ವೇಳೆ 16 ಆಂಪಿಯರಿನ ಸಾಕೆಟಿನಿಂದ ತೆಗೆದು ಕನ್ವರ್ಷನ್ ಪ್ಲಗ್ ಮೂಲಕ 6 ಆಂಪಿಯರಿನ ಸಾಕೆಟಿಗೆ ಸಿಕ್ಕಿಸಲಾಗಿತ್ತು. 2000 ವಾಟಿನ ಹೀಟರೊಂದೇ ಒಂಬತ್ತು ಆಂಪಿಯರಿನಷ್ಟು ಎಳೆಯುತ್ತದೆ. ಸಾಕೆಟಿನ ಮುಖ ಕಂದಾಗಿತ್ತು, ಅದನ್ನು ಬದಲಿಸಿ ಹಳೆಯ ಜಾಗಕ್ಕೇ ತರಲಾಯಿತು.

ಪರಿಹಾರದ ಆಯ್ಕೆ

ಕಾರಣ ತಿಳಿದ ಮೇಲೂ ಪರಿಹಾರ ಸುಲಭವಾಗಿರಲಿಲ್ಲ. ಓಡಿಸುವಾಗ ಗಾಜು ತೆರೆದಿಡಿ ಎಂಬುದು ಬಾಯಲ್ಲಿ ಹೇಳಲು ಸುಲಭ. ಪಡುವಣ ಗಾಳಿ ಮಳೆಯನ್ನು ಅಡ್ಡಡ್ಡವಾಗಿ ತರುವ ಆ ದಿಕ್ಕಿನಲ್ಲಿ ಅದನ್ನು ಮಾಡಿದರೆ ಯಂತ್ರವೇ ನೆನೆಯುತ್ತಿತ್ತು. ಅಂಗಡಿಯೊಂದರಲ್ಲಿ ಮನೆಯೊಡತಿಗೆ, ನೀರನ್ನು ಒಳಗೇ ತಂಪಾಗಿಸಿ ಡಬ್ಬಿಯಲ್ಲಿ ಹಿಡಿಯುವ ಕಂಡೆನ್ಸರ್ ಡ್ರೈಯರ್ ಕೊಂಡರೆ ಪೈಪೇ ಬೇಡ, ಮುಚ್ಚಿದ ಜಾಗದಲ್ಲೂ ನಡೆಯುತ್ತದೆ ಎಂದು ಹೇಳಿದ್ದರು. ಅದು ಅರ್ಧ ಸರಿ. ಹೀಟರಿನ ಕಂಡೆನ್ಸರ್ ಯಂತ್ರದಲ್ಲಿ ಆವಿ ಹೆಚ್ಚಾಗಿ ನೀರಾಗಿ ಉಳಿದರೂ ಶಾಖ ಕೋಣೆಗೇ ಬರುತ್ತದೆ, ಕೋಣೆ ಕಾದಷ್ಟೂ ಅದು ನೀರು ಹಿಡಿಯುವುದೂ ತಗ್ಗುತ್ತದೆ. ಹೀಟ್ ಪಂಪ್ ಬಗೆಯದು ಕಡಿಮೆ ಉಷ್ಣತೆಯಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ಒಣಗಿಸುತ್ತದೆ, ಈ ಮನೆಗೆ ತಾಂತ್ರಿಕವಾಗಿ ಅದೇ ಒಪ್ಪುತ್ತಿತ್ತು. ಬೆಲೆ ಮಾತ್ರ ಅವರ ಕೈಗೆ ನಿಲುಕುವಂತಿರಲಿಲ್ಲ. ಇದ್ದ ಯಂತ್ರದ ಹೀಟರು, ಮೋಟರು ಎರಡೂ ಸುಸ್ಥಿತಿಯಲ್ಲಿ ಇದ್ದುದರಿಂದ ಅದಕ್ಕೆ ಗಾಳಿಯ ದಾರಿ ಮಾಡಿಕೊಡುವುದೆಂದು ನಿರ್ಧರಿಸಿದೆವು.

ಗಾಜು ಹಾಕಿದ ಫ್ಯಾಬ್ರಿಕೇಶನ್‌ನವರನ್ನೇ ಕರೆಸಿ, ಬದಿಯ ಉತ್ತರಾಭಿಮುಖ ಕಿಂಡಿಯ ಮೇಲಿನ ಗಾಜನ್ನು ತೆಗೆದು ಅಲ್ಯೂಮಿನಿಯಂ ಹಲಗೆ ಹಾಕಿಸಿ, ಅದರಲ್ಲಿ ನಾಲ್ಕು ಇಂಚಿನ ರಂಧ್ರ ಮಾಡಿಸಲಾಯಿತು. ಪಶ್ಚಿಮದ ಮುಖವನ್ನು ಬೇಕೆಂದೇ ಬಿಟ್ಟೆವು, ಏಕೆಂದರೆ ಎದುರುಗಾಳಿ ಹೊರಬಾಯಿಯ ಮುಚ್ಚಳವನ್ನು ಒತ್ತಿ ಹಿಡಿದರೆ ಮತ್ತೆ ಅದೇ ಕಥೆ. ಸುರುಳಿ ಹೋಸಿನ ಮಡಿಕೆಗಳಲ್ಲಿ ನವಿರು ನಿಲ್ಲುವುದರಿಂದ ಅದರ ಬದಲು ನಯವಾದ ಲೋಹದ ಪೈಪನ್ನು, ಒಂದೇ ತಿರುವು ಬರುವಂತೆ, ಹೊರಕ್ಕೆ ತುಸು ಇಳಿಜಾರಾಗಿ ಕೂಡಿಸಿದೆವು. ಒಳಗೆ ತಣಿದು ನೀರಾದದ್ದು ಯಂತ್ರದ ಕಡೆ ಹರಿಯಬಾರದು. ಜೋಡಣೆಗೆ ಸ್ಕ್ರೂ ಹೊಡೆದರೆ ಅದರ ಮೊನೆಗೆ ನವಿರು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಟೇಪು ಬಳಸಿದೆವು. ಹಲ್ಲಿ ಬರುತ್ತದೆಂದು ಹೊರಬಾಯಿಗೆ ಸೊಳ್ಳೆ ಜಾಲರಿ ಕಟ್ಟಲು ಮನೆಯವರು ಬಯಸಿದ್ದರು. ಅದು ಕೆಲವೇ ವಾರಗಳಲ್ಲಿ ಕಟ್ಟಿಕೊಳ್ಳುತ್ತದೆಂದು ವಿವರಿಸಿ, ಗಾಳಿ ಬಂದಾಗ ಮಾತ್ರ ತೆರೆಯುವ ಮುಚ್ಚಳ ಹಾಕಿಸಲಾಯಿತು.

ಹೆಚ್ಚು ಚರ್ಚೆಯಾದದ್ದು ಒಳಬರುವ ಗಾಳಿಯ ಬಗ್ಗೆ. ಹೊರಗೆ ದೂಡಿದಷ್ಟು ಗಾಳಿ ಒಳಗೆ ಬರಲೇಬೇಕು. ಬರುವ ದಾರಿ ಇಲ್ಲದಿದ್ದರೆ ಪೈಪು ಹಾಕಿಯೂ ಬ್ಲೋವರ್ ಉಸಿರುಗಟ್ಟುತ್ತದೆ. ಚೌಕಟ್ಟಿನ ತಳದಲ್ಲಿ, ಮಳೆ ರಾಚದಂತೆ ಕೆಳಮುಖವಾಗಿ ಬಾಗಿದ ಪಟ್ಟಿಗಳ ಲೂವರ್ ಕೂಡಿಸಿದರೆ ಅಚ್ಚುಕಟ್ಟು ಕೆಡುತ್ತದೆಂದು ಮನೆಯ ಯಜಮಾನರು ಮೊದಲು ಒಪ್ಪಲಿಲ್ಲ. ಗಾಜು ಮುಚ್ಚಿ, ಅಡುಗೆಮನೆಯ ಬಾಗಿಲೂ ಮುಚ್ಚಿ, ಯಂತ್ರ ಓಡಿಸಿ, ಹೊರಬಾಯಿಯ ಮುಚ್ಚಳ ಅರ್ಧವೂ ತೆರೆಯದೆ ನಡುಗುತ್ತಿರುವುದನ್ನು ತೋರಿಸಿದೆ. ಆಮೇಲೆ ಬಾಗಿಲನ್ನು ಒಂದು ಗೇಣು ತೆರೆದಾಗ ಮುಚ್ಚಳ ಪೂರ್ತಿ ಎದ್ದು ನಿಂತಿತು. ಮಾತಿನಿಂದ ಒಪ್ಪದವರು ಇದನ್ನು ನೋಡಿ ಒಪ್ಪಿದರು.

ಆದದ್ದು

ಆ ಮಳೆಗಾಲ ಮುಗಿಯುವವರೆಗೂ ಫ್ಯೂಸ್ ಮತ್ತೆ ಕಡಿಯಲಿಲ್ಲ, ಒಂದು ಹೊರೆಗೆ ಒಂದು ಸುತ್ತು ಸಾಕಾಯಿತು. ವಾಷಿಂಗ್ ಮೆಷಿನಿನ ಹಿಂಡುವ ವೇಗವನ್ನು ಹೆಚ್ಚಿಸಿದ್ದರಿಂದ ಡ್ರೈಯರಿನ ಕೆಲಸವೇ ಕಡಿಮೆಯಾಯಿತು. ದಪ್ಪ ಹತ್ತಿಯನ್ನೂ ತೆಳು ಸಿಂಥೆಟಿಕ್ಕನ್ನೂ ಬೇರೆಬೇರೆಯಾಗಿ ಹಾಕತೊಡಗಿದ ಮೇಲೆ ಎಲಾಸ್ಟಿಕ್ ಹಾಳಾಗುವುದು ನಿಂತಿತು. ರಾತ್ರಿ ಮಲಗುವ ಮುನ್ನ ಚಾಲೂ ಮಾಡಿ ಬಿಡುವ ಅಭ್ಯಾಸವನ್ನೂ ಮನೆಯವರು ತಾವಾಗಿಯೇ ಕೈಬಿಟ್ಟರು.

ದುರಸ್ತಿಗೆ ಹೋಗುವ ನನ್ನ ವಿದ್ಯಾರ್ಥಿಗಳಿಗೆ ಈ ಪ್ರಕರಣವನ್ನು ಹೇಳುವಾಗ ಎರಡು ವಿಷಯಗಳ ಮೇಲೆ ಒತ್ತು ಕೊಡುತ್ತೇನೆ. ಕಡಿದ ಥರ್ಮಲ್ ಫ್ಯೂಸ್ ಸಿಕ್ಕಿದರೆ ತನಿಖೆ ಅಲ್ಲಿಂದ ಆರಂಭವಾಗಬೇಕು, ಹೋಸು ಕಳಚಿ ಗಾಳಿಯ ಬಿರುಸನ್ನು ಕೈಯಿಟ್ಟು ನೋಡದೆ ಬಿಲ್ಲು ಬರೆಯಬಾರದು. ಹಾಗೆಯೇ, ತಗಡು ಬಿಚ್ಚುವ ಮೊದಲು ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಕೂರಿಸಿಕೊಂಡು, ತೊಂದರೆ ಶುರುವಾಗುವ ಮುನ್ನ ಆ ಜಾಗದಲ್ಲಿ ಏನೇನು ಬದಲಾಯಿತು ಎಂದು ಕೇಳಬೇಕು. ಯಂತ್ರದ ಬಗ್ಗೆ ಏನೂ ತಿಳಿಯದು ಎಂದುಕೊಂಡಿರುವ ಹಿರಿಯರ ಬಳಿಯೇ ಎಷ್ಟೋ ಸಲ ಆ ಉತ್ತರ ಇರುತ್ತದೆ.

ಅದೇ ಸಮುಚ್ಚಯದಲ್ಲಿ ಇನ್ನೂ ಹಲವು ಮನೆಗಳ ಯುಟಿಲಿಟಿಗಳಿಗೆ ಇಂಥದ್ದೇ ಗಾಜು ಬಂದಿದೆ. ಕೆಲವರಲ್ಲಿ ಡ್ರೈಯರ್ ಇದೆ, ಬಹುತೇಕ ಎಲ್ಲರಲ್ಲೂ ಸಿಲಿಂಡರ್ ಅಲ್ಲಿಯೇ ಇದೆ. ಮನೆಯೊಡತಿ ಈ ವಿಷಯವನ್ನು ನಿವಾಸಿಗಳ ಸಂಘದ ಸಭೆಯಲ್ಲಿ ಮಂಡಿಸಿದರು. ಹೊಸದಾಗಿ ಗಾಜು ಹಾಕಿಸುವವರು ತಳದಲ್ಲಿ ಲೂವರ್ ಬಿಡಿಸಬೇಕೆಂಬ ಸೂಚನೆಗೆ ಸಂಘ ಒಪ್ಪಿದೆ. ಈಗಾಗಲೇ ಮುಚ್ಚಿರುವ ಮನೆಗಳನ್ನು ಒಂದೊಂದಾಗಿ ನೋಡಿ ಬರುವ ಕೆಲಸ, ಮುಂದಿನ ಮಳೆಗೆ ಮೊದಲು ಮುಗಿಯಬೇಕೆಂದು ಅವರೇ ವಹಿಸಿಕೊಂಡು ಮಾಡುತ್ತಿದ್ದಾರೆ.